ಭದ್ರೆಯ ಕೆಂಪುನೀರು

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಅದರಲ್ಲಿ ಏಕೀಕರಣದ ಮಾತು ಬಾರದಿರುವುದಿಲ್ಲ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಕೂಡಿದ್ದು, ಅದಕ್ಕಾಗಿ ದುಡಿದ ಹಿರಿಯರ ಪಾಡು, ಇವನ್ನೆಲ್ಲ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ಆದರೆ 1956ರ ನವೆಂಬರ್ 1ರಂದು ಜನಗಳ ಜೊತೆಗೆ ಒಂದು ಬೆಟ್ಟವೂ ಒಂದು ಕಡಲೂ ಕೂಡಿದುವು ಎಂಬುದು ನಮ್ಮ ನೆನಪಿಗೆ ಬರುವುದು ಕಡಮೆ. ಬೆಟ್ಟ ಕುದುರೆಮುಖ, ಅದು ಮೈಸೂರು ಸೀಮೆಯ ಪಶ್ಚಿಮದ ಅಂಚು. ಕಡಲು ಮಂಗಳೂರಿನದು, ಅದು ಮದರಾಸಿಗೆ ಸೇರಿತ್ತು. ಬೆಟ್ಟದ ಅದಿರು ಕಡಲಿನ ಹಡಗನ್ನು ಸೇರಬೇಕಾದರೆ ಎರಡು ಸರ್ಕಾರಗಳ ಗಡಿಯನ್ನು ದಾಟಬೇಕಾಗಿತ್ತು. ಗಡಿ ಅಳಿದ ಕೆಲವು ವರ್ಷಗಳ ಮೇಲೆ ಆ ಬೆಟ್ಟದ ಕಬ್ಬಿಣ ಪಶ್ಚಿಮಕ್ಕೆ ಇಳಿಯಿತು. ಆ ಬೆಟ್ಟದ ಮಣ್ಣು ಮಳೆಯೊಡನೆ ಪೂರ್ವಕ್ಕೆ ಇಳಿಯಿತು. ಕಬ್ಬಿಣದ ಲೆಕ್ಕವನ್ನು ಟನ್ನು ಟನ್ನಾಗಿ ಬರೆದಿಟ್ಟರು. ಮಣ್ಣಿನ ಲೆಕ್ಕವನ್ನು ಸರಿಯಾಗಿ ಇಡುವವರು ಬರುವುದಕ್ಕೆ ಇಪ್ಪತ್ತು ವರ್ಷವಾದರೂ ಹಿಡಿಯಿತು. ಆ ಎರಡನೆಯ ಲೆಕ್ಕದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದರ ತೀರ್ಮಾನವಾದದ್ದು ನಾವಿರುವ ಈ ದಿಲ್ಲಿಯಲ್ಲೇ ಆದುದರಿಂದ, ಇಲ್ಲಿಯ ಕನ್ನಡಿಗರಿಗೆ ಅದು ತೀರ ಹೊರಗಿನ ವಿಷಯವೂ ಅಲ್ಲ.

ಕುದುರೆಮುಖದ ಕಬ್ಬಿಣ ಹೊಸದಾಗಿ ಕಂಡದ್ದಲ್ಲ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿದ್ದ ಪಿ. ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಅದನ್ನು ಗುರುತಿಸಿದ್ದರು. ಆ ಕಾಲದಲ್ಲಿ ಅಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಜಿಗಣೆ, ಜಡಿಮಳೆ, ಶೋಲಾ ಕಾಡು, ಆಳೆತ್ತರದ ಹುಲ್ಲು. ಇಂಥಲ್ಲಿ ಕಲ್ಲುಸುತ್ತಿಗೆ ಹಿಡಿದು ಅಲೆದ ಆ ಪುಣ್ಯಾತ್ಮರ ಶ್ರಮವನ್ನು ನೆನೆದರೆ ಕೈ ಮುಗಿಯಬೇಕೆನ್ನಿಸುತ್ತದೆ. ಕಂಡದ್ದೇನೋ ನಿಜ, ಆದರೆ ಅದಿರು ಬಡವಾದದ್ದು. ನೂರು ಪಾಲಿನಲ್ಲಿ ಕಬ್ಬಿಣ ಮೂವತ್ತೆಂಟರಷ್ಟು. ಅದನ್ನು ಹಾಗೆಯೇ ಕುಲುಮೆಗೆ ಹಾಕುವಂತಿರಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆ ಕೆಲಸ ಆರಂಭಿಸಿದಾಗ ವಿಶ್ವೇಶ್ವರಯ್ಯನವರು ನೆಚ್ಚಿಕೊಂಡದ್ದು ಕೆಮ್ಮಣ್ಣುಗುಂಡಿಯ ಒಳ್ಳೆಯ ಅದಿರನ್ನು. ಕುದುರೆಮುಖದ ಅದಿರು ಇನ್ನೂ ಅರ್ಧ ಶತಮಾನ ಹುಲ್ಲಿನ ಕೆಳಗೆ ಮಲಗಿತ್ತು.

ಏಕೀಕರಣವಾದ ಮೇಲೆ ಅದಕ್ಕೆ ದಿನ ಬಂದಿತು. ಅರವತ್ತರ ದಶಕದಲ್ಲಿ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮದವರು ಬೆಟ್ಟವನ್ನು ಕೊರೆದು ಪರೀಕ್ಷಿಸಿದರು. 1969ರಲ್ಲಿ ಮೂವತ್ತು ವರ್ಷಗಳ ಗುತ್ತಿಗೆ ದೊರೆಯಿತು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಎದ್ದಿತು. 1975ರ ನವೆಂಬರಿನಲ್ಲಿ ಇರಾನಿನ ಷಾ ಸರ್ಕಾರದೊಡನೆ ಒಪ್ಪಂದವಾಯಿತು: ಅವರು 63 ಕೋಟಿ ಡಾಲರು ಸಾಲ ಕೊಡುವುದು, ನಾವು ಅವರಿಗೆ ಇಪ್ಪತ್ತೊಂದು ವರ್ಷ ಅದಿರಿನ ಸಾರವನ್ನು ಕಳುಹಿಸುವುದು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1980ರಲ್ಲಿ ಕಾರಖಾನೆ ಸಿದ್ಧವಾಯಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದರು. ಸಾಲದ ಹಣ ಅರ್ಧಕ್ಕೇ ನಿಂತಿತು, ಕೊಳ್ಳುವವರು ಮರೆಯಾದರು. ಮದುವೆಯ ಅಡಿಗೆಯೆಲ್ಲ ಆದಮೇಲೆ ಗಂಡಿನ ಕಡೆಯವರು ಬಾರದಿದ್ದಂತೆ! ಕಂಪನಿ ಎದೆಗೆಡಲಿಲ್ಲ. ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಕಾರಖಾನೆಯನ್ನೂ ತೆರೆಯಿತು. ಇದನ್ನೆಲ್ಲ ಹೇಳದೆ ಮುಂದಿನದನ್ನು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಆ ಮಳೆಯಲ್ಲಿ, ಆ ಬೆಟ್ಟದಲ್ಲಿ, ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಬೇಗ ಮುಗಿಸಿದ ಎಂಜಿನಿಯರುಗಳೂ ಕೂಲಿಗಾರರೂ ಸಾಮಾನ್ಯರಲ್ಲ.

ಕೆಲಸ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅದಿರು ತೆಗೆಯುವುದು. ಅದನ್ನು ನೀರಿನೊಡನೆ ಹಿಟ್ಟಿನಂತೆ ಅರೆಯುವುದು. ಅರೆದದ್ದರಲ್ಲಿ ಕಬ್ಬಿಣದ ಭಾಗವನ್ನು ಬೇರೆ ಮಾಡುವುದು. ಹೀಗೆ ಬಂದ ಸಾರದಲ್ಲಿ ಕಬ್ಬಿಣ ನೂರಕ್ಕೆ ಅರುವತ್ತೇಳರಷ್ಟು. ಆ ಸಾರವನ್ನು ನೀರಿನಲ್ಲಿ ಕದಡಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ, ಬಂದರಿಗೆ ಮುಟ್ಟಿಸುತ್ತಿದ್ದರು. ಲಾರಿಯಿಲ್ಲ, ರೈಲಿಲ್ಲ, ಕಬ್ಬಿಣ ನೀರಿನ ಹೆಗಲೇರಿ ಕಡಲಿಗೆ ಹೋಗುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ನು ಸಾರ ತೆಗೆಯುವಂತೆ ಯಂತ್ರಗಳನ್ನು ಹೂಡಿದ್ದರು. ಅದಕ್ಕೆ ಅದರ ಮೂರರಷ್ಟು ಅದಿರನ್ನು ಅರೆಯಬೇಕು. ಹಾಗಾದರೆ ಉಳಿದ ಎರಡು ಪಾಲಿನ ಗತಿಯೇನು? ಅದನ್ನು ಕೆಸರಿನ ರೂಪದಲ್ಲಿ ಲಕ್ಯಾ ಎಂಬ ಹಳ್ಳದ ಕಣಿವೆಗೆ ಬಿಟ್ಟರು. ಆ ಹಳ್ಳ ಭದ್ರೆಗೆ ಸೇರುವಂಥದು. ಅದಕ್ಕೆ ಅಡ್ಡಲಾಗಿ 100 ಮೀಟರು ಎತ್ತರದ ಮಣ್ಣಿನ ಒಡ್ಡನ್ನು ಕಟ್ಟಿದರು. ಕೆಸರು ತಳದಲ್ಲಿ ಕೂರುವುದು, ಮೇಲಿನ ತಿಳಿನೀರನ್ನು ಕಾರಖಾನೆಗೆ ಮತ್ತೆ ಬಳಸುವುದು. ಅರೆದ ಕಲ್ಲಿನ ಮಟ್ಟಿಗೆ ಈ ಏರ್ಪಾಡು ಸರಿಯಾಗಿಯೇ ಇತ್ತು.

ತೊಡಕು ಬಂದದ್ದು ಅರೆದ ಕಲ್ಲಿನಿಂದಲ್ಲ, ಬಯಲಾದ ಬೆಟ್ಟದಿಂದ.

ಕುದುರೆಮುಖದಲ್ಲಿ ವರ್ಷಕ್ಕೆ 6000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ದಿಲ್ಲಿಯಲ್ಲಿರುವ ನಮಗೆ ಈ ಅಂಕಿಯ ಅರ್ಥ ಸುಲಭವಾಗಿ ಆಗದು. ಇಲ್ಲಿ ಎಂಟು ವರ್ಷ ಸುರಿಯುವ ಮಳೆಯನ್ನು ಅಲ್ಲಿಯ ಆಕಾಶ ಒಂದೇ ವರ್ಷದಲ್ಲಿ ಸುರಿಯುತ್ತದೆ. ಅದರಲ್ಲಿಯೂ ಬಹುಪಾಲನ್ನು ಮೃಗಶಿರದಿಂದ ಮಘೆಯವರೆಗಿನ ನಾಲ್ಕಾರು ನಕ್ಷತ್ರಗಳಲ್ಲೇ ತೀರಿಸಿಬಿಡುತ್ತದೆ. ಒಂದು ಹೆಕ್ಟೇರು ನೆಲದ ಮೇಲೆ ವರ್ಷಕ್ಕೆ ಬೀಳುವ ನೀರು ಆರು ಕೋಟಿ ಲೀಟರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಆರಿದ್ರೆಯ ಮಳೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಗೊರಬು, ಕಂಬಳಿಕೊಪ್ಪೆ ಯಾವುದೂ ತಡೆಯದ ಮಳೆ ಅದು.

ಇಷ್ಟು ಮಳೆ ಲಕ್ಷಾಂತರ ವರ್ಷ ಬಿದ್ದರೂ ಆ ಗುಡ್ಡಗಳು ಕರಗಿಹೋಗಲಿಲ್ಲವೇಕೆ? ಮೇಲೆ ಹುಲ್ಲಿನ ಹೊದಿಕೆ ಇತ್ತು, ಮಡಿಕೆಗಳಲ್ಲಿ ಶೋಲಾ ಕಾಡಿತ್ತು. ಹನಿಯ ಪೆಟ್ಟನ್ನು ಎಲೆ ತಿನ್ನುವುದು, ಹರಿವಿನ ವೇಗವನ್ನು ಹುಲ್ಲಿನ ಬುಡ ತಡೆಯುವುದು, ಉಳಿದದ್ದನ್ನು ಕಾಡಿನ ಮೆತ್ತನೆಯ ನೆಲ ಕುಡಿದು ಬೇಸಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಒಸರಿಸುವುದು. ಹೊರಗಿನಿಂದ ಬಂದವರ ಕಣ್ಣಿಗೆ ಅದು ಬೋಳುಗುಡ್ಡ, ಪಾಳು ನೆಲ. ನಿಜವಾಗಿ ಅದು ತುಂಗೆ, ಭದ್ರೆ, ನೇತ್ರಾವತಿ ಮೂವರನ್ನೂ ಹೊತ್ತ ಒಡಲು. ಆ ಚರ್ಮವನ್ನು ಸುಲಿದು, ಕೆಳಗಿನ ಸಡಿಲ ಮಣ್ಣನ್ನೂ ಅದಿರಿನ ಪುಡಿಯನ್ನೂ ಇಳಿಜಾರಿನಲ್ಲಿ ಬಯಲಿಗಿಟ್ಟು, ಅದರ ಮೇಲೆ ಆರು ಕೋಟಿ ಲೀಟರು ಸುರಿಯಲು ಬಿಟ್ಟರೆ ಏನಾಗುವುದೆಂಬುದಕ್ಕೆ ಶಾಸ್ತ್ರ ಓದಬೇಕಾಗಿಲ್ಲ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಹೊರುವ ಮಣ್ಣು ಎರಡರಷ್ಟಲ್ಲ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮಳೆಯ ಈ ಗುಣ ನಮ್ಮ ಮಲೆನಾಡಿನವರಿಗೆ ತಿಳಿಯದ್ದೇನಲ್ಲ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಕಾದಿಗೆ ತೆಗೆದು, ಮಳೆಗಾಲಕ್ಕೆ ಮುಂಚೆ ಅದನ್ನು ಶುದ್ಧಮಾಡಿ, ನೀರು ತೋಟಕ್ಕೆ ಕೆಡುಕು ಮಾಡದೆ ಹೋಗುವಂತೆ ನೋಡಿಕೊಳ್ಳುವುದು ತೋಟಿಗರ ವರ್ಷಾವಧಿಯ ಕೆಲಸ. ಕಾಫಿಯ ತೋಟಗಳಲ್ಲಿ ಗಿಡಗಳ ಸಾಲಿನ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲುಗುಂಡಿಗಳನ್ನು ತೋಡುತ್ತಾರೆ. ಒಂದು ಗುಂಡಿಯ ಎದುರಿಗೇ ಮತ್ತೊಂದು ಬಾರದಂತೆ ಬಿಡಿಬಿಡಿಯಾಗಿ ಇರುವುದರಿಂದ, ಒಂದರ ಪಕ್ಕದಲ್ಲಿ ನುಸುಳಿದ ನೀರು ಕೆಳಗಿನದರಲ್ಲಿ ಸಿಕ್ಕಿಬೀಳುತ್ತದೆ. ನೀರು ನಿಲ್ಲುತ್ತದೆ, ಮಣ್ಣು ತಂಗುತ್ತದೆ, ಆಮೇಲೆ ಗುಂಡಿ ತುಂಬಿದ ಮಣ್ಣನ್ನು ಗಿಡದ ಬುಡಕ್ಕೇ ಎತ್ತಿಹಾಕುತ್ತಾರೆ. ದೊಡ್ಡ ಗಣಿಗಳಲ್ಲಿ ಮಾಡಬೇಕಾದದ್ದೂ ಮೂಲದಲ್ಲಿ ಇದೇ. ಮೇಲಿನ ಗುಡ್ಡದಿಂದ ಬರುವ ಶುದ್ಧವಾದ ನೀರು ಗಣಿಯೊಳಗೆ ಹೊಗದಂತೆ ಅದರ ಸುತ್ತ ಹಾರದ ಹಾಗೆ ಕಾಲುವೆ ತೋಡಿ ಬೇರೆ ದಾರಿಗೆ ತಿರುಗಿಸಬೇಕು. ಕೊಳೆನೀರಿನೊಡನೆ ತಿಳಿನೀರು ಒಮ್ಮೆ ಬೆರೆತರೆ ಎರಡೂ ಕೊಳೆನೀರೇ. ಒಳಗೆ ಬಿದ್ದ ಮಳೆಯನ್ನು ಮೆಟ್ಟಿಲುಗಳ ಮೇಲೆ ನಿಧಾನಿಸಿ, ಕೆಲಸ ಮುಗಿದ ಇಳಿಜಾರಿಗೆ ಕೂಡಲೇ ಹುಲ್ಲು ಹೊದಿಸಿ, ಹಳ್ಳಗಳಲ್ಲಿ ಕಲ್ಲುಕಟ್ಟೆಗಳನ್ನು ಕಟ್ಟಿ, ಮಣ್ಣು ಕೂರುವಷ್ಟು ಹೊತ್ತು ನೀರನ್ನು ನಿಲ್ಲಿಸಿಕೊಂಡು, ಆಮೇಲೆ ಹೊರಗೆ ಬಿಡಬೇಕು.

ಕಂಪನಿ ಇವನ್ನು ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಕಲ್ಲುಕಟ್ಟೆಗಳನ್ನು ಕಟ್ಟಿತು, ಗಿಡಗಳನ್ನು ನೆಟ್ಟಿತು. ಸೋಲು ಎಲ್ಲಿ ಬಂದಿತು ಎಂಬುದನ್ನು ತಿಳಿಯಬೇಕಾದರೆ ಅಡಿಗೆಮನೆಯ ಒಂದು ಸಣ್ಣ ವಿಷಯವನ್ನು ನೆನೆದರೆ ಸಾಕು. ಅಕ್ಕಿ ತೊಳೆದಾಗ ಕಾಳು ತಕ್ಷಣ ತಳಕ್ಕೆ ಕೂರುತ್ತದೆ. ಆದರೆ ಅಕ್ಕಚ್ಚು ಎಷ್ಟು ಹೊತ್ತಾದರೂ ಬೆಳ್ಳಗೆ ಕದಡಿಕೊಂಡೇ ಇರುತ್ತದೆ. ಮಣ್ಣಿನ ಗುಣವೂ ಹಾಗೆಯೇ. ನುಣ್ಣನೆಯ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರು ಆಳ ಇಳಿಯಲು ಎರಡು ನಿಮಿಷ ಸಾಕು. ಜೇಡಿಯ ಕಣಕ್ಕೆ ಮೂರು ದಿನ ಬೇಕು. ಆರಿದ್ರೆ ಪುನರ್ವಸುಗಳಲ್ಲಿ ಕಲ್ಲುಕಟ್ಟೆಯ ಹಿಂದೆ ಮೂರು ದಿನ ನೀರು ನಿಲ್ಲುವುದುಂಟೆ? ಮೂರು ಗಳಿಗೆಯೂ ನಿಲ್ಲದು. ದಪ್ಪ ಮರಳು ಕಟ್ಟೆಯೊಳಗೆ ಉಳಿಯಿತು. ಕೆಂಪು ಜೇಡಿ ಕಟ್ಟೆಯ ತಲೆಯ ಮೇಲಿಂದ ಭದ್ರೆಗೆ ಹಾರಿತು. ಕಟ್ಟೆಗಳಾದರೂ ಒಂದೆರಡು ಮಳೆಗಾಲದಲ್ಲಿ ತುಂಬಿ ಬರುತ್ತವೆ. ಹೂಳು ತೆಗೆಯದಿದ್ದರೆ ಅವು ಇದ್ದೂ ಇಲ್ಲದಂತೆ. ಮತ್ತೆ, ಗಣಿಯೆಂಬುದು ಒಮ್ಮೆ ಉತ್ತು ಬಿಡುವ ಹೊಲವಲ್ಲ. ಪ್ರತಿವರ್ಷವೂ ಹೊಸ ನೆಲ ಬಯಲಾಗುತ್ತಲೇ ಇರಬೇಕು. ವಿಶಾಖಪಟ್ಟಣದ ಹಿಂದಿನ ಒಣಗುಡ್ಡದಲ್ಲೋ ನಮ್ಮ ಸಂಡೂರಿನಲ್ಲೋ ಸಾಲುವ ಉಪಾಯ ಕುದುರೆಮುಖದ ಮಳೆಗೆ ಸಾಲಲಿಲ್ಲ. ಉಪಾಯಗಳು ಸುಳ್ಳಲ್ಲ, ಜಾಗ ಅವುಗಳ ಅಳತೆಗೆ ಮೀರಿದ್ದು.

ನದಿಯ ಕೆಳಗಿನವರಿಗೆ ಈ ವಿವರಣೆಗಳಿಂದ ಏನಾಗಬೇಕು? ಅವರು ಕಂಡದ್ದು ಕೆಂಪುನೀರು. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಗಣಿಯ ಮಗ್ಗುಲನ್ನು ಬಳಸಿ ಕಳಸಕ್ಕೆ ಬರುತ್ತಾಳೆ. ಕಳಸದ ಬಳಿ ಅಂಬುತೀರ್ಥದಲ್ಲಿ ಮಧ್ವಾಚಾರ್ಯರು ಇಟ್ಟರೆಂದು ಹೇಳುವ ಹೆಬ್ಬಂಡೆಯನ್ನು ತೊಳೆದು, ಬಾಳೆಹೊನ್ನೂರಿಗೆ ಇಳಿದು, ಮುಂದೆ ಭದ್ರಾ ಅಭಯಾರಣ್ಯವನ್ನು ಹೊಕ್ಕು, ಲಕ್ಕವಳ್ಳಿಯ ಜಲಾಶಯದಲ್ಲಿ ನಿಲ್ಲುತ್ತಾಳೆ. ಮಳೆಗಾಲದಲ್ಲಿ ಮಲೆನಾಡಿನ ಹೊಳೆಗಳು ಕೆಂಪಾಗುವುದು ಹೊಸದಲ್ಲ. ಹೊಸದು ಯಾವುದೆಂದರೆ, ಆ ಕೆಂಪಿನ ಗಾಢತೆ, ಮಳೆ ನಿಂತ ಮೇಲೂ ಅದು ಇಳಿಯಲು ಹಿಡಿಯುತ್ತಿದ್ದ ಕಾಲ, ನೆರೆ ಬಂದು ಹೋದ ಗದ್ದೆಯಲ್ಲಿ ಉಳಿಯುತ್ತಿದ್ದ ನುಣ್ಣನೆಯ ಗಸಿ. ಅಂಥ ಗಸಿ ಒಣಗಿದರೆ ಹೆಂಚಿನಂತೆ ಗಟ್ಟಿಯಾಗುತ್ತದೆ. ಗಾಳಿ ಆಡದೆ ಪೈರಿನ ಬೇರು ಸೊರಗುತ್ತದೆ. ಹೊಳೆಯ ತಳದ ಕಲ್ಲುಸಂದಿಗಳು ತುಂಬಿದರೆ ಮೀನು ಮೊಟ್ಟೆಯಿಡಲು ಜಾಗವಿಲ್ಲ.

ಲಕ್ಕವಳ್ಳಿಯ ವಿಷಯ ಇನ್ನೂ ದೊಡ್ಡದು. ಅರವತ್ತರ ದಶಕದಲ್ಲಿ ಮುಗಿದ ಆ ಜಲಾಶಯ ಹಿಡಿಯುವ ನೀರು ಸುಮಾರು 71 ಟಿ.ಎಂ.ಸಿ.; ಅದನ್ನು ನಂಬಿದ ಭೂಮಿ ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಗಳ ಕಡೆ ಸುಮಾರು ಒಂದು ಲಕ್ಷ ಹೆಕ್ಟೇರು. ಜಲಾಶಯದಲ್ಲಿ ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಮೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಒಳ್ಳೆಯದು. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ ಅದರ ಹೊಟ್ಟೆ 133 ಟಿ.ಎಂ.ಸಿ.ಯಷ್ಟಿತ್ತು, ಈಗ ಅದು 105ರ ಆಸುಪಾಸಿಗೆ ಇಳಿದಿದೆ. ಇದೆಲ್ಲ ಕುದುರೆಮುಖದ ಮಣ್ಣೆಂದು ಭಾಷಣಗಳಲ್ಲಿ ಹೇಳುವುದನ್ನು ನಾವು ಕೇಳಿದ್ದೇವೆ. ಅದು ಸರಿಯಲ್ಲ. ಕುದುರೆಮುಖಕ್ಕೂ ಹೊಸಪೇಟೆಗೂ ನಡುವೆ ಲಕ್ಕವಳ್ಳಿ ಇದೆ. ಮೇಲಿನಿಂದ ಬಂದ ಮಣ್ಣಿನ ಹೆಚ್ಚಿನ ಪಾಲನ್ನು ಅದೇ ನುಂಗಿಕೊಳ್ಳುತ್ತದೆ. ಹೊಸಪೇಟೆಯ ಹೂಳಿಗೆ ಬೇರೆ ಕಾರಣಗಳಿವೆ, ಬೇರೆ ಗಣಿಗಳೂ ಇವೆ. ಒಳ್ಳೆಯ ಪಕ್ಷವನ್ನು ಹಿಡಿದವರು ಸಡಿಲವಾದ ಲೆಕ್ಕ ಹೇಳಿದರೆ ಎದುರಾಳಿಗೆ ಅದೇ ಗುರಾಣಿಯಾಗುತ್ತದೆ.

ಲೆಕ್ಕವೇ ಈ ವ್ಯಾಜ್ಯದ ಜೀವಾಳವಾಗಿತ್ತು. ನದಿಯಲ್ಲಿ ಮಣ್ಣು ಮಿತಿಯೊಳಗಿದೆಯೆಂದು ಒಂದು ಪಕ್ಷದ ಅಂಕಿಗಳು, ಮಿತಿ ಮೀರಿದೆಯೆಂದು ಇನ್ನೊಂದು ಪಕ್ಷದವು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಲೇಬೇಕೆಂದೇನೂ ಇಲ್ಲ. ವಾರಕ್ಕೋ ತಿಂಗಳಿಗೋ ಒಮ್ಮೆ, ಅದೂ ಮಳೆ ಹೊಳವಾದಾಗ ಹೋಗಿ, ಸೀಸೆಯಲ್ಲಿ ನೀರು ಹಿಡಿದು ತಂದರೆ ಅದು ತಿಳಿಯಾಗಿಯೇ ಇರುತ್ತದೆ. ಹೊಳೆಯು ವರ್ಷದ ಮಣ್ಣಿನ ಬಹುಪಾಲನ್ನು ಹೊರುವುದು ಕೆಲವೇ ದಿನಗಳ, ಕೆಲವೇ ಗಂಟೆಗಳ ಬಿರುಮಳೆಯಲ್ಲಿ. ಆ ಗಂಟೆಗಳಲ್ಲಿ, ನಡುರಾತ್ರಿಯಾದರೂ ಸರಿ, ಹೊಳೆಯ ದಂಡೆಯಲ್ಲಿ ನಿಂತು ಮತ್ತೆ ಮತ್ತೆ ಅಳೆದವನಿಗೆ ಮಾತ್ರ ನಿಜ ಸಿಕ್ಕೀತು. ಜಗದೀಶ ಕೃಷ್ಣಸ್ವಾಮಿ ಮತ್ತು ಅವರ ಸಂಗಡಿಗರು ಹೀಗೆ ಬಿರುಮಳೆಯ ಜಾಡು ಹಿಡಿದು ಭದ್ರೆಯನ್ನು ಅಳೆದರು. ಜಲಾನಯನದಲ್ಲಿ ಗಣಿಯ ಪಾಲು ಚಿಕ್ಕದು. ನದಿ ಹೊತ್ತ ಮಣ್ಣಿನಲ್ಲಿ ಮಾತ್ರ ಅದರ ಪಾಲು ಅರ್ಧಕ್ಕಿಂತ ಹೆಚ್ಚೆಂದು ಕಂಡುಬಂದಿತು. 2006ರಲ್ಲಿ ಅದು ಅರಣ್ಯವಿಜ್ಞಾನದ ಹೆಸರಾಂತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಗಣಿ ಮುಚ್ಚಿಹೋಗಿತ್ತೆಂಬುದು ಬೇರೆ ಮಾತು.

ಮುಚ್ಚಿದ್ದು ಹೇಗೆಂಬುದನ್ನು ಚುಟುಕಾಗಿ ಹೇಳುತ್ತೇವೆ. ಮೂವತ್ತು ವರ್ಷದ ಗುತ್ತಿಗೆ 1999ರ ಜುಲೈಯಲ್ಲಿ ತೀರಿತು. ಅದಕ್ಕೆ ಮೊದಲೇ, 1987ರಲ್ಲಿ, ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ್ದರು. ಗುತ್ತಿಗೆ ತೀರಿದ ಮೇಲೂ ತಾತ್ಕಾಲಿಕ ಅನುಮತಿಗಳ ಬಲದಿಂದ ಕೆಲಸ ಸಾಗಿತು. ಇನ್ನೂ ಹಲವು ವರ್ಷ ಮುಂದುವರಿಸಬೇಕೆಂಬ ಪ್ರಯತ್ನವೂ ನಡೆದಿತ್ತು. ಮಲೆನಾಡಿನಲ್ಲಿ ವಿರೋಧ ಹಬ್ಬಿತು. ನಾಗರಹೊಳೆಯ ಕಾಡನ್ನು ಕಾದು ಹೆಸರಾಗಿದ್ದ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಕೊಡಗಿನ ಆ ಹಿರಿಯರು 2024ರಲ್ಲಿ ತೀರಿಕೊಂಡರು. ಅವರ ಅರ್ಜಿಯ ಮೇಲೆ ತೀರ್ಪು ಬಂದದ್ದು 2002ರ ಅಕ್ಟೋಬರ್ 30ರಂದು, ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ. ಈಗಾಗಲೇ ಅಗೆದ ಜಾಗದಲ್ಲಿ ಮಾತ್ರ, 2005ರ ಕೊನೆಯವರೆಗೆ ಮಾತ್ರ ಕೆಲಸ ಮಾಡಬಹುದು, ಆಮೇಲೆ ನಿಲ್ಲಿಸಬೇಕು ಎಂದು ನ್ಯಾಯಾಲಯ ಹೇಳಿತು. ತಿಲಕ್ ಮಾರ್ಗದಲ್ಲಿ ಈ ಮಾತು ಹೊರಟ ಹೊತ್ತಿಗೆ ಈ ಊರಿನ ಕನ್ನಡಿಗರು ನವೆಂಬರ್ ಒಂದರ ಸಮಾರಂಭಕ್ಕೆ ಸಜ್ಜಾಗುತ್ತಿದ್ದಿರಬೇಕು. ಕನ್ನಡ ನಾಡಿನ ಒಂದು ನದಿಯ ಬಗ್ಗೆ ಅಷ್ಟು ತೂಕದ ಮಾತು ಇಷ್ಟು ಹತ್ತಿರದಲ್ಲಿ ಬಂದಾಗ ನಮ್ಮ ಸಭೆಗಳಲ್ಲಿ ಅದರ ಸುದ್ದಿ ಎಷ್ಟು ಬಂದಿತೆಂದು ನಾವೇ ಕೇಳಿಕೊಳ್ಳಬೇಕು.

ಅವಧಿ ವಿಸ್ತರಿಸಬೇಕೆಂಬ ಕಂಪನಿಯ ಬಿನ್ನಹ ಫಲಿಸಲಿಲ್ಲ. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತುವು. ಗೆದ್ದವರು ಹಬ್ಬ ಮಾಡಿದರು, ತಪ್ಪೇನಿಲ್ಲ. ಆದರೆ ಇಪ್ಪತ್ತೈದು ವರ್ಷ ಅಲ್ಲಿ ದುಡಿದು, ಮಲ್ಲೇಶ್ವರದ ಆ ಊರಿನಲ್ಲಿ ಮಕ್ಕಳನ್ನು ಬೆಳೆಸಿ, ಶಾಲೆ, ಆಸ್ಪತ್ರೆ, ಅಂಗಡಿಬೀದಿ ಎಲ್ಲವನ್ನೂ ಕಟ್ಟಿಕೊಂಡಿದ್ದ ಸಂಸಾರಗಳು ಗಂಟುಮೂಟೆ ಕಟ್ಟಿ ಘಟ್ಟ ಇಳಿದುವು. ಅವರಲ್ಲಿ ಯಾರೂ ಭದ್ರೆಗೆ ಕೇಡು ಬಗೆದವರಲ್ಲ. ಖಾಲಿಯಾದ ಮನೆಗಳ ಗೋಡೆಯ ಮೇಲೆ ಹಾವಸೆ ಬೆಳೆಯಲು ಆ ಮಳೆಯಲ್ಲಿ ಎಷ್ಟು ದಿನ ಬೇಕು! ಯೋಜನೆ ಹಾಕಿದವರು ಮಳೆಯ ಲೆಕ್ಕವನ್ನು ಮೊದಲ ಪುಟದಲ್ಲಿ ಬರೆದಿದ್ದರೆ ಆ ಸಂಸಾರಗಳಿಗೆ ಬೇರೆಲ್ಲಾದರೂ ಒಂದು ನೆಲೆ ಸಿಕ್ಕಿರುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. 1975ರ ಕಾಲಕ್ಕೆ ಅಂಥ ಲೆಕ್ಕವನ್ನು ಕಡ್ಡಾಯ ಮಾಡುವ ಕಾನೂನೂ ಇರಲಿಲ್ಲ. ಅರಣ್ಯ ಸಂರಕ್ಷಣೆಯ ಕಾಯಿದೆ ಬಂದದ್ದೇ 1980ರಲ್ಲಿ, ಕಾರಖಾನೆ ಸಿದ್ಧವಾದ ವರ್ಷವೇ.

ಮುಂದೆ ಆ ಲೆಕ್ಕ ಮೊದಲ ಪುಟಕ್ಕೆ ಬಂದದ್ದೂ ನಮ್ಮ ನಾಡಿನಲ್ಲೇ. 2011ರಲ್ಲಿ ಬಳ್ಳಾರಿಯ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತಷ್ಟೆ. ಮತ್ತೆ ತೆರೆಯಬೇಕಾದರೆ ಪ್ರತಿಯೊಂದು ಗಣಿಯೂ ನೆಲವನ್ನು ಸರಿಪಡಿಸುವ ಯೋಜನೆಯೊಂದನ್ನು ಒಪ್ಪಿಕೊಂಡು ನಡೆಸಬೇಕೆಂದು ಕಟ್ಟುಮಾಡಿತು. ಡೆಹರಾಡೂನಿನ ಅರಣ್ಯ ಸಂಶೋಧನ ಪರಿಷತ್ತಿನವರು ಗಣಿ ಗಣಿಗೂ ಅಂಥ ಯೋಜನೆ ತಯಾರಿಸಿದರು. ಅದರಲ್ಲಿ ಇದ್ದದ್ದೇನು? ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳದಲ್ಲಿ ಕಟ್ಟೆ, ಇಳಿಜಾರಿಗೆ ಹಸಿರು. ಬಳ್ಳಾರಿಯ ಮಳೆ ಕುದುರೆಮುಖದ ಹತ್ತರಲ್ಲೊಂದು ಪಾಲು. ಅಲ್ಲಿ ಈ ಏರ್ಪಾಡುಗಳು ಕೆಲಸ ಮಾಡಿಯಾವು, ವರ್ಷ ವರ್ಷ ಹೂಳು ತೆಗೆಯುವವರಿದ್ದರೆ.

ಇನ್ನು ಕುದುರೆಮುಖ. 2012ರಲ್ಲಿ ಪಶ್ಚಿಮಘಟ್ಟದ ಇತರ ಕಾಡುಗಳೊಡನೆ ಅದರ ರಾಷ್ಟ್ರೀಯ ಉದ್ಯಾನವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮಂಗಳೂರಿನ ಕಾರಖಾನೆ ಬೇರೆ ಗಣಿಗಳ ಅದಿರನ್ನು ಕೊಂಡು ಉಂಡೆ ಕಟ್ಟುವ ಕಸುಬಿಗೆ ತಿರುಗಿತು. ಬೆಟ್ಟದ ಮೇಲೆ ಉಳಿದದ್ದು ಲಕ್ಯಾ. ಇಪ್ಪತ್ತೈದು ವರ್ಷ ಅರೆದು ಬಿಟ್ಟ ಕೆಸರೆಲ್ಲ ಆ 100 ಮೀಟರಿನ ಒಡ್ಡಿನ ಹಿಂದೆ ಕುಳಿತಿದೆ. ಗಣಿ ನಡೆಯುತ್ತಿದ್ದಾಗ ಕಾರಖಾನೆಗಾದರೂ ಅಲ್ಲಿಂದ ನೀರು ಹೋಗುತ್ತಿತ್ತು. ಈಗ ಬಿದ್ದ ಮಳೆಯೆಲ್ಲ ಕೋಡಿಯ ದಾರಿಯಲ್ಲೇ ಹೋಗಬೇಕು. ಗಣಿಗೆ ನ್ಯಾಯಾಲಯ ಒಂದು ಕೊನೆಯ ದಿನವನ್ನು ಗೊತ್ತುಮಾಡಿತು. ಮಣ್ಣಿನ ಒಡ್ಡಿಗೆ ಕೊನೆಯ ದಿನವೆಂಬುದಿಲ್ಲ. ಅದಿರಿನಿಂದ ಕಾಸು ಹುಟ್ಟದಿದ್ದರೂ ಪ್ರತಿವರ್ಷ ರೋಹಿಣಿ ಕಳೆಯುವುದರೊಳಗೆ ಕೋಡಿಯ ಬಾಯಿ ಬಿಡಿಸಬೇಕು, ಬಸಿಗಾಲುವೆ ಬಳಿಯಬೇಕು, ಒಡ್ಡಿನ ಮೈಮೇಲೆ ಬೇರುಬಿಟ್ಟ ಮರಗಳನ್ನು ಕೀಳಬೇಕು. ಮಳೆಗಾಲವೆಲ್ಲ ಒಬ್ಬರಲ್ಲದಿದ್ದರೆ ಒಬ್ಬರು ಕೆಳಗಿಳಿದು ಒಡ್ಡಿನ ಬುಡವನ್ನು ನೋಡಿ ಬರುತ್ತಿರಬೇಕು. ಅಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಲಕಿಕೊಂಡು ಬಂದರೆ, ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆಯೆಂದು ತಿಳಿದು, ಕೂಡಲೇ ಕೆಳಗಿನ ಊರುಗಳಿಗೆ ಹೇಳಿಕಳುಹಿಸಬೇಕು.